ಮೆದುಳಿನ ಗಡ್ಡೆ: ಮಾತು ಇರುವಾಗಲೇ ಮಾತಾಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ಕಾಯಿಲೆಯ ಬಗ್ಗೆ ಇವೆ: ಗ್ಲಿಯೋಬ್ಲಾಸ್ಟೋಮಾ. ಮೆದುಳಿನಲ್ಲೇ ಹುಟ್ಟಿ ಬಹಳ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ ಇದು. ರಿಪೋರ್ಟಿನಲ್ಲಿ ‘ಗ್ರೇಡ್ 4’ ಅಂತ ಇರುತ್ತದೆ, ಅಂದರೆ ಅತಿ ತೀವ್ರ ದರ್ಜೆ. ನಾಲ್ಕು ಪತ್ರ ಮನೆಯವರದ್ದು, ಒಂದು ಮಾತ್ರ ಕಾಯಿಲೆ ಇರುವವರೇ ಬರೆದದ್ದು. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಮ್ಮ ಮನೆಯವರಿಗೆ 51 ವರ್ಷ. ಇದ್ದಕ್ಕಿದ್ದಂತೆ ಫಿಟ್ಸ್ ಬಂತು, ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿತು, ಆಪರೇಷನ್ ಆಯಿತು. ‘ಪೂರ್ತಿ ತೆಗೆದಿದ್ದೇವೆ’ ಅಂದರು. ಈಗ ರಿಪೋರ್ಟ್ ನೋಡಿ ಗ್ರೇಡ್ 4, ರೇಡಿಯೇಷನ್ನೂ ಕೀಮೋನೂ ಬೇಕು ಅನ್ನುತ್ತಾರೆ. ಪೂರ್ತಿ ತೆಗೆದ ಮೇಲೆ ಮತ್ತೆ ಯಾಕೆ? 15 ತಿಂಗಳು ಅಷ್ಟೇ ಅಂತ ಎಲ್ಲೋ ಓದಿದೆ. ನಿಜವಾ?

ಮೊದಲು ‘ಪೂರ್ತಿ’ ಅನ್ನೋ ಪದ. ನಿಮ್ಮ ಸರ್ಜನ್ ಸುಳ್ಳು ಹೇಳಿಲ್ಲ. ಕಣ್ಣಿಗೆ ಮತ್ತು ಎಂಆರ್‌ಐಗೆ ಕಾಣುವಷ್ಟನ್ನು ಪೂರ್ತಿ ತೆಗೆದಿದ್ದಾರೆ. ಗರಿಕೆ ಕಿತ್ತವರಿಗೆ ಇದು ಗೊತ್ತು. ಮೇಲಿನದು ಕೈಗೆ ಬರುತ್ತದೆ, ನೆಲದೊಳಗೆ ಹರಿದ ಬೇರು ಅಲ್ಲೇ ಉಳಿಯುತ್ತದೆ. ಈ ಗಡ್ಡೆಯ ಕಣಗಳೂ ಅಂಚು ದಾಟಿ ಒಳ್ಳೆಯ ಮೆದುಳಿನೊಳಗೆ ನುಸುಳಿರುತ್ತವೆ. ಬೇರೆ ಅಂಗವಾಗಿದ್ದರೆ ಸುತ್ತ ಎರಡು ಬೆರಳಷ್ಟು ಜಾಸ್ತಿ ಕತ್ತರಿಸಬಹುದಿತ್ತು. ಮೆದುಳಿನಲ್ಲಿ ಆ ಎರಡು ಬೆರಳಷ್ಟು ಜಾಗದಲ್ಲಿ ಬಲಗೈ ಇರಬಹುದು, ಮಾತು ಇರಬಹುದು. ಅದಕ್ಕೇ ಉಳಿದದ್ದನ್ನು ಹಿಡಿದಿಡಲು ರೇಡಿಯೇಷನ್ ಮತ್ತು ಮಾತ್ರೆ.

ಇನ್ನು 15 ತಿಂಗಳಿನ ಲೆಕ್ಕ. 2005ರಲ್ಲಿ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 573 ರೋಗಿಗಳಿದ್ದರು. ಬರೀ ರೇಡಿಯೇಷನ್ ಪಡೆದವರಿಗೆ 12.1 ತಿಂಗಳು, ಜೊತೆಗೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ ತೆಗೆದುಕೊಂಡವರಿಗೆ 14.6 ತಿಂಗಳು. ಇದು ಗಡುವು ಅಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಅಂಕಿ. ಅರ್ಧ ಜನ ಅದಕ್ಕಿಂತ ಮುಂಚೆ ಹೋದರು, ಅರ್ಧ ಜನ ಅದಾದ ಮೇಲೂ ಇದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಎರಡು ವರ್ಷದ ಹೊತ್ತಿಗೆ ಸುಮಾರು ನಾಲ್ವರಲ್ಲಿ ಒಬ್ಬರು ಇದ್ದರು, ಐದು ವರ್ಷದ ಹೊತ್ತಿಗೆ ಸುಮಾರು ಹತ್ತರಲ್ಲಿ ಒಬ್ಬರು. ಅಲ್ಲಿ ಸೇರಿದವರೆಲ್ಲ 70 ವರ್ಷದೊಳಗಿನವರು, ತಕ್ಕಮಟ್ಟಿಗೆ ಓಡಾಡಿಕೊಂಡಿದ್ದವರು ಅನ್ನೋದೂ ನೆನಪಿರಲಿ. ಸಿಹಿಯಾಗಿ ಹೇಳಬೇಕು ಅಂತ ಇದನ್ನು ಬಿಡೋಕೆ ಆಗಲ್ಲ.

ರಿಪೋರ್ಟಿನಲ್ಲಿ ಎರಡು ಸಾಲು ಹುಡುಕಿ. ಒಂದು, ಎಂಜಿಎಂಟಿ ಅನ್ನುವ ಜೀನ್. ಅದರ ಮುಂದೆ ‘ಮೆಥೈಲೇಟೆಡ್’ ಅಂತ ಇದ್ದರೆ ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ. ಅದೇ ಅಧ್ಯಯನದಲ್ಲಿ ಇಂಥವರು ಮಾತ್ರೆ ತೆಗೆದುಕೊಂಡಾಗ ಎರಡು ವರ್ಷದ ಹೊತ್ತಿಗೆ ಅರ್ಧದ ಹತ್ತಿರ ಹತ್ತಿರ ಜನ ಇದ್ದರು. ಇನ್ನೊಂದು, ಐಡಿಎಚ್ ಅನ್ನುವ ಜೀನ್. 2021ರ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯ ಪ್ರಕಾರ ಐಡಿಎಚ್ ಬದಲಾವಣೆ (‘ಮ್ಯುಟೆಂಟ್’) ಇದ್ದರೆ ಅದನ್ನು ಗ್ಲಿಯೋಬ್ಲಾಸ್ಟೋಮಾ ಅಂತ ಕರೆಯುವುದೇ ಇಲ್ಲ. ಅದು ಬೇರೆ ಜಾತಿ, ಸ್ವಲ್ಪ ನಿಧಾನದ್ದು. ‘ನಮ್ಮ ಪರಿಚಯದವರು ಇದೇ ಕಾಯಿಲೆ ಬಂದು ಹತ್ತು ವರ್ಷ ಆರಾಮಾಗಿದ್ದಾರೆ’ ಅನ್ನುವ ಹಳೇ ಕಥೆಗಳಲ್ಲಿ ಕೆಲವು ಇಂಥವು. ಕಥೆ ನಂಬುವ ಮುಂಚೆ ಆ ಸಾಲು ಕೇಳಿ.

ಚಿಕಿತ್ಸೆ ಸಾಮಾನ್ಯವಾಗಿ ಆರು ವಾರ, ವಾರಕ್ಕೆ ಐದು ದಿನ, ಒಟ್ಟು 30 ಸಲ ರೇಡಿಯೇಷನ್. ಮುಖದ ಅಳತೆಗೆ ಬಲೆಯಂಥ ಒಂದು ಮುಖವಾಡ ಮಾಡುತ್ತಾರೆ, ಅದನ್ನು ಟೇಬಲ್ಲಿಗೆ ಸಿಕ್ಕಿಸುತ್ತಾರೆ. ತಲೆ ಅಲುಗಾಡಬಾರದಲ್ಲ, ಅದಕ್ಕೆ. ನೋವಿಲ್ಲ. ಆದರೆ ಕೆಲವರಿಗೆ ಮೊದಲ ದಿನ ಉಸಿರು ಕಟ್ಟಿದ ಹಾಗಾಗುತ್ತದೆ, ಮುಂಚೆಯೇ ಹೇಳಿದರೆ ಅಲ್ಲಿಯವರು ಸಹಾಯ ಮಾಡುತ್ತಾರೆ. ಆ ಆರು ವಾರವೂ ಮಾತ್ರೆ ದಿನಾ ಇರುತ್ತದೆ. ಆಮೇಲೆ ಸ್ವಲ್ಪ ಬಿಡುವು, ನಂತರ 28 ದಿನಕ್ಕೊಮ್ಮೆ ಐದು ದಿನ. ಮಾತ್ರೆ ಖಾಲಿ ಹೊಟ್ಟೆಗೆ, ವಾಂತಿ ತಡೆಯುವ ಮಾತ್ರೆ ಅದಕ್ಕಿಂತ ಮೊದಲು. ಕ್ಯಾಪ್ಸೂಲ್ ಬಿಚ್ಚಿ ಪುಡಿ ಕಲಸಿ ಕೊಡಬೇಡಿ. ರಕ್ತಪರೀಕ್ಷೆ ತಪ್ಪಿಸಬೇಡಿ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಫೋನ್ ಮಾಡಿ.

ಪ್ರಶ್ನೆ: ಅಪ್ಪನಿಗೆ 63. ‘ಸಣ್ಣ ಗಂಟು, ತೆಗೆದಾಯ್ತು’ ಅಂತ ಹೇಳಿದ್ದೇವೆ. ಅವರು ಮೊದಲೇ ಹೆದರುವ ಸ್ವಭಾವದವರು. ನಿಜ ಗೊತ್ತಾದರೆ ಕುಸಿದು ಹೋಗುತ್ತಾರೆ ಅಂತ ಅಮ್ಮ, ಅಕ್ಕ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ರೇಡಿಯೇಷನ್ ಮುಗಿದ ಮೇಲೆ ಹೇಳೋಣ ಅಂತಿದ್ದೇವೆ. ಸರಿಯಾ?

ಸರಿ ಅಲ್ಲ ಅನ್ನಿಸುತ್ತದೆ. ನಿಮ್ಮನ್ನು ಬೈಯುತ್ತಿಲ್ಲ. ಮನೆಮಂದಿ ಹೀಗೆ ಮಾಡುವುದು ಪ್ರೀತಿಯಿಂದಲೇ.

ಆದರೆ ಈ ಕಾಯಿಲೆಗೆ ಒಂದು ವಿಶೇಷ ಇದೆ. ಬೇರೆ ಬಹಳಷ್ಟು ಕ್ಯಾನ್ಸರ್‌ಗಳಲ್ಲಿ ಮೈ ಸೋತರೂ ತಲೆ ಕೊನೆಯವರೆಗೂ ಚುರುಕಾಗಿರಬಹುದು. ಇಲ್ಲಿ ಗಡ್ಡೆ ಕೂತಿರುವುದೇ ಯೋಚನೆ, ಮಾತು, ನೆನಪು ಇರುವ ಜಾಗದಲ್ಲಿ. ಹಾಗಾಗಿ ಮಾತಾಡುವ ಕಾಲ ಜೀವ ಇರುವ ಕಾಲಕ್ಕಿಂತ ಮೊದಲೇ ಮುಗಿಯಬಹುದು. ‘ಆಮೇಲೆ ಹೇಳೋಣ’ ಅನ್ನುವಾಗ ಆ ಆಮೇಲೆ ಎಷ್ಟು ದೂರ ಅಂತ ನಮಗೆ ಗೊತ್ತಿರುವುದಿಲ್ಲ.

ಒಬ್ಬ ಹಿರಿಯರನ್ನು ನಾನು ಮರೆತಿಲ್ಲ. ಗಡ್ಡೆ ಎಡಭಾಗದಲ್ಲಿ, ಮಾತಿನ ಜಾಗದ ಪಕ್ಕದಲ್ಲೇ ಇತ್ತು. ಮೊದಮೊದಲು ಪದ ಸಿಗುತ್ತಿರಲಿಲ್ಲ. ಬೀಗದ ಕೈ ಅನ್ನಲು ‘ಅದೇ, ತಿರುಗಿಸೋದು’ ಅನ್ನುತ್ತಿದ್ದರು. ಮನೆಯವರು ನಿಮ್ಮ ಹಾಗೇ, ರೇಡಿಯೇಷನ್ ಮುಗಿಯಲಿ ಅಂತ ಕಾದರು. ಮುಗಿಯುವ ಹೊತ್ತಿಗೆ ಅವರು ಏನು ಕೇಳಿದರೂ ‘ಹೌದು’ ಅನ್ನುತ್ತಿದ್ದರು. ಕಾಫಿ ಬೇಕಾ? ಹೌದು. ಬೇಡವಾ? ಹೌದು. ಆದರೆ ದಿನಕ್ಕೆ ಹತ್ತು ಸಲ ಬೀರುವಿನ ಕಡೆ ಕೈ ತೋರಿಸುತ್ತಿದ್ದರು. ಮಗಳು ಅದರಲ್ಲಿದ್ದ ಒಂದೊಂದೇ ವಸ್ತು ತೆಗೆದು ಮುಂದೆ ಹಿಡಿದಳು. ಪಾಸ್‌ಬುಕ್, ಹಳೇ ಫೋಟೋ, ಶಾಲು, ಕನ್ನಡಕದ ಡಬ್ಬಿ. ಎಲ್ಲದಕ್ಕೂ ತಲೆ ಅಡ್ಡಡ್ಡ ಆಡಿಸಿದರು. ಏನು ಬೇಕಿತ್ತು ಅಂತ ಕೊನೆಗೂ ತಿಳಿಯಲಿಲ್ಲ.

ಇನ್ನೊಂದು, ಅಪ್ಪನಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಸಣ್ಣ ಗಂಟಿಗೆ ಯಾರೂ ಆರು ವಾರ ರೇಡಿಯೇಷನ್ ಕೊಡಲ್ಲ ಅಂತ ಅವರಿಗೂ ತಿಳಿಯುತ್ತದೆ. ಕಾಯುವ ಜಾಗದಲ್ಲಿ ಪಕ್ಕದವರ ಜೊತೆ ಮಾತಾಡಿಯೇ ಇರುತ್ತಾರೆ. ನೀವು ಅವರ ಮುಂದೆ ನಟಿಸುತ್ತಿದ್ದೀರಿ, ಅವರು ನಿಮ್ಮ ಮುಂದೆ ನಟಿಸುತ್ತಿದ್ದಾರೆ, ಅಷ್ಟೇ ಇರಬಹುದು.

ಹೇಳುವುದು ಅಂದರೆ ಕೂರಿಸಿಕೊಂಡು ಅಂಕಿಗಳನ್ನು ಸುರಿಯುವುದಲ್ಲ. ಕೇಳುವುದರಿಂದ ಶುರು ಮಾಡಿ. ‘ಅಪ್ಪಾ, ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸುತ್ತಿದೆ?’ ಆಮೇಲೆ, ‘ಡಾಕ್ಟರು ಹೇಳಿದ್ದು ಎಲ್ಲಾ ತಿಳಿಯಬೇಕಾ, ಅಥವಾ ನಾವೇ ನೋಡಿಕೊಳ್ಳಲಾ?’ ‘ನೀವೇ ನೋಡಿಕೊಳ್ಳಿ’ ಅಂದರೆ ಅದೂ ಅವರದೇ ತೀರ್ಮಾನ, ಗೌರವ ಕೊಡಿ. ಆದರೆ ಕೇಳದೆಯೇ ನೀವು ಆ ಉತ್ತರ ಬರೆದುಕೊಳ್ಳಬೇಡಿ. ಬಾಯಿ ಬರದಿದ್ದರೆ ಡಾಕ್ಟರಿಗೆ ಹೇಳಿ, ನಿಮ್ಮೆದುರೇ ಅವರು ಮಾತು ತೆಗೆಯಲಿ. ಒಂದೇ ದಿನ ಎಲ್ಲಾ ಹೇಳಿ ಮುಗಿಸಬೇಕು ಅಂತಿಲ್ಲ.

ಬಾಗಿಲು ತೆರೆದ ಮೇಲೆ ಕೇಳಬೇಕಾದ್ದು ಇದೆ. ಸಹಿ ಬೇಕಾದ ಕಾಗದಗಳು, ಯಾರಿಗೆ ಕೊಡಬೇಕಾದ್ದು, ಯಾರಿಂದ ಬರಬೇಕಾದ್ದು. ಮುಂದೆ ಅವರಿಗೆ ಹೇಳಲು ಆಗದಿದ್ದರೆ ಅವರ ಪರವಾಗಿ ಯಾರು ತೀರ್ಮಾನ ತೆಗೆದುಕೊಳ್ಳಬೇಕು. ಕೊನೆಗೆ ಆಸ್ಪತ್ರೆಯಾ, ಮನೆಯಾ. ಉಸಿರಾಟದ ಯಂತ್ರ ಬೇಕಾ, ಬೇಡವಾ. ಈ ಕೊನೇ ಪ್ರಶ್ನೆಗೆ ಅವರೇ ಬಾಯಿಬಿಟ್ಟು ಹೇಳಿದ ಉತ್ತರ ಇದ್ದರೆ ಮುಂದೆ ಅಕ್ಕ ತಮ್ಮಂದಿರ ನಡುವೆ ಎಷ್ಟು ಜಗಳ ತಪ್ಪುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಇಪ್ಪತ್ತು ವರ್ಷದಲ್ಲಿ ಒಂದು ದಿನ ಜೋರಾಗಿ ಮಾತಾಡದ ಗಂಡ ಈಗ ತಟ್ಟೆ ಎಸೆಯುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಊಟ ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ, ಆಮೇಲೆ ಪಾಪ ಅನ್ನಿಸಿ ಅಳುತ್ತೇನೆ. ಇದು ಕಾಯಿಲೆಯಾ, ಮಾತ್ರೆಯಾ?

ಎರಡೂ ಇರಬಹುದು. ಮಾತ್ರೆಗಳ ಚೀಟಿ ತೆಗೆದು ನೋಡಿ. ಡೆಕ್ಸಾಮೆಥಾಸೋನ್ ಇದೆ ಅಲ್ವಾ? ಮೆದುಳಿನ ಊತ ಇಳಿಸುವ ಸ್ಟೀರಾಯ್ಡ್ ಅದು. ಒಂದೆರಡು ದಿನದಲ್ಲೇ ತಲೆನೋವು ಇಳಿದು ಬಿದ್ದ ಕೈ ಏಳುವುದನ್ನು ನೋಡಿದರೆ ಪವಾಡ ಅನ್ನಿಸುತ್ತದೆ. ಆದರೆ ಅದೇ ಮಾತ್ರೆ ನಿದ್ದೆ ಕೆಡಿಸುತ್ತದೆ, ವಿಪರೀತ ಹಸಿವು ತರುತ್ತದೆ, ಸಿಡುಕು ಹೆಚ್ಚಿಸುತ್ತದೆ, ಸಕ್ಕರೆ ಏರಿಸುತ್ತದೆ. ಮುಖ ಊದುತ್ತದೆ. ತೊಡೆ ಸೋತು ಕೂತಲ್ಲಿಂದ ಏಳಲು ಕಷ್ಟವಾಗುತ್ತದೆ. ಸಂಜೆಯ ಡೋಸನ್ನು ಮಧ್ಯಾಹ್ನದೊಳಗೆ ಕೊಡಬಹುದಾ, ಒಟ್ಟು ಡೋಸ್ ಇಳಿಸಬಹುದಾ ಅಂತ ಡಾಕ್ಟರನ್ನು ಕೇಳಿ. ನೀವೇ ನಿಲ್ಲಿಸಬೇಡಿ. ಕೆಲವು ವಾರ ತೆಗೆದುಕೊಂಡ ಮೇಲೆ ಫಕ್ಕನೆ ಬಿಟ್ಟರೆ ಅಪಾಯ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೂಡ ಕೆಲವರಲ್ಲಿ ಸಿಟ್ಟು ತರಿಸುತ್ತದೆ. ಅದಕ್ಕೆ ಬದಲಿ ಮಾತ್ರೆಗಳಿವೆ.

ಗಡ್ಡೆ ಹಣೆಯ ಹಿಂದಿನ ಭಾಗದಲ್ಲಿದ್ದರೆ ತಡೆಹಿಡಿಯುವ ಶಕ್ತಿಯೇ ಹೋಗುತ್ತದೆ. ನಮಗೆಲ್ಲ ಬಾಯಿತುದಿಗೆ ಬಂದದ್ದನ್ನು ನುಂಗುವ ಅಭ್ಯಾಸ ಇರುತ್ತದಲ್ಲ, ಅದು ಕೆಲಸ ಮಾಡುವ ಜಾಗ ಅದು. ವಾದ ಮಾಡಿ ಗೆಲ್ಲೋಕೆ ಆಗಲ್ಲ. ಟಿವಿ ಆರಿಸಿ, ಒಬ್ಬರೇ ಮಾತಾಡಿ, ಒಂದು ಸಲಕ್ಕೆ ಒಂದೇ ವಿಷಯ. ಕೈ ಎತ್ತುವ ಹಂತಕ್ಕೆ ಬಂದರೆ ಸಹಿಸಿಕೊಂಡು ಕೂರಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ.

ನಿಮಗೆ ಸಿಟ್ಟು ಬರುವುದು ತಪ್ಪಲ್ಲ. ‘ಏನಾದರೂ ಬೇಕಾದರೆ ಹೇಳಿ’ ಅನ್ನುವ ನೆಂಟರಿಗೆ ‘ಗುರುವಾರ ಮಧ್ಯಾಹ್ನ ಬನ್ನಿ, ನಾನು ಮೂರು ಗಂಟೆ ನಿದ್ದೆ ಮಾಡಬೇಕು’ ಅಂತ ನೇರವಾಗಿ ಹೇಳಿ. ಹಾಗೆ ಕೇಳಿದರೆ ಜನ ಬರುತ್ತಾರೆ.

ಪ್ರಶ್ನೆ: ರೇಡಿಯೇಷನ್ ಮುಗಿದು ಐದು ವಾರವಾಯಿತು. ಎಂಆರ್‌ಐನಲ್ಲಿ ಅಮ್ಮನ ಗಡ್ಡೆ ಮೊದಲಿಗಿಂತ ದೊಡ್ಡದು ಕಾಣುತ್ತಿದೆ. ಎಲ್ಲಾ ಮುಗಿಯಿತಾ? ಮಕ್ಕಳಾದ ನಮಗೂ ಬರುತ್ತದಾ? ಮೊಬೈಲ್‌ನಿಂದ ಬಂತಾ?

ಇಷ್ಟು ಬೇಗ ಮುಗಿಯಿತು ಅನ್ನಬೇಡಿ. ರೇಡಿಯೇಷನ್ ಆದ ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆಗೇ ಆ ಜಾಗ ಕೆರಳಿ ಊದಿಕೊಳ್ಳಬಹುದು. ಸ್ಕ್ಯಾನ್‌ನಲ್ಲಿ ಅದು ಗಡ್ಡೆ ಬೆಳೆದ ಹಾಗೇ ಕಾಣುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಬೇರೆ ಮಾಡುವುದು ಕಷ್ಟ. ಅಮ್ಮ ಹೇಗಿದ್ದಾರೆ ಅನ್ನೋದೂ ಮುಖ್ಯ. ಚೆನ್ನಾಗಿದ್ದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸಿ ಒಂದೆರಡು ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಈ ಕಾಯುವಿಕೆ ಹಿಂಸೆ, ನಿಜ.

ಒಂದೇ ಕಾಲು ಊದಿ ನೋವು ಬಂದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಕ್ಷಣ ಆಸ್ಪತ್ರೆಗೆ ಹೋಗಿ. ಈ ಕಾಯಿಲೆಯಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ನೀವು ಕೇಳಿಲ್ಲ, ಆದರೂ ಹೇಳಿದೆ.

ಮಕ್ಕಳಿಗೆ ಬರುವುದು ಬಹಳ ಅಪರೂಪ. ಮೊಬೈಲ್‌ನಿಂದ ಬರುತ್ತದೆ ಅಂತ ಸಾಬೀತಾಗಿಲ್ಲ. ಅಮ್ಮ ಏನು ತಿಂದರು, ಏನು ಮಾಡಿದರು ಅಂತ ಹಿಂದಕ್ಕೆ ಹೋಗಿ ಹುಡುಕಬೇಡಿ.

ಪ್ರಶ್ನೆ: ನನಗೆ 38. ಮೊದಲ ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ಗಡ್ಡೆ ಮತ್ತೆ ಬಂದಿದೆ. ಮುಂದೇನು? ಏಳು ವರ್ಷದ ಮಗಳಿದ್ದಾಳೆ. ಅವಳಿಗೆ ಏನು ಹೇಳಲಿ?

ಮತ್ತೆ ಬಂದಾಗ ಎಲ್ಲರಿಗೂ ಹೊಂದುವ ಒಂದೇ ದಾರಿ ಅಂತಿಲ್ಲ. ಜಾಗ ಅನುಕೂಲವಾಗಿದ್ದರೆ ಮತ್ತೆ ಆಪರೇಷನ್, ಕೆಲವರಿಗೆ ಮತ್ತೆ ರೇಡಿಯೇಷನ್, ಲೊಮುಸ್ಟಿನ್ ಅನ್ನುವ ಕೀಮೋ, ಬೆವಾಸಿಜುಮಾಬ್ ಇಂಜೆಕ್ಷನ್. ಬೆವಾಸಿಜುಮಾಬ್ ಊತ ಇಳಿಸುತ್ತದೆ, ಸ್ಟೀರಾಯ್ಡ್ ಕಡಿಮೆ ಮಾಡಲು ನೆರವಾಗುತ್ತದೆ. ಆದರೆ ಆಯಸ್ಸು ಹೆಚ್ಚಿಸುವುದು ಸಾಬೀತಾಗಿಲ್ಲ. ಹೊಸ ಔಷಧಿಯ ಅಧ್ಯಯನ ಯಾವುದಾದರೂ ನಡೆಯುತ್ತಿದೆಯಾ, ನೀವು ಸೇರಬಹುದಾ ಅಂತ ಕೇಳಿ. ಪ್ರತಿ ಚಿಕಿತ್ಸೆಗೂ ಡಾಕ್ಟರಿಗೆ ಒಂದೇ ಪ್ರಶ್ನೆ ಹಾಕಿ: ‘ಇದರಿಂದ ನನ್ನ ದಿನಗಳು ಹೇಗಿರುತ್ತವೆ?’ ‘ಏನೂ ಬೇಡ’ ಅನ್ನುವುದೂ ಒಂದು ಉತ್ತರವೇ. ಪ್ಯಾಲಿಯೇಟಿವ್ ಕೇರ್‌ನವರನ್ನು ಈಗಲೇ ಭೇಟಿಯಾಗಿ. ಅದು ಕೊನೇ ವಾರಕ್ಕೆ ಮಾತ್ರ ಅಲ್ಲ. ನೋವು, ನಿದ್ದೆ, ಫಿಟ್ಸ್, ಹೆದರಿಕೆ ಇವನ್ನು ಅವರಷ್ಟು ಚೆನ್ನಾಗಿ ನೋಡಿಕೊಳ್ಳುವವರು ಕಡಿಮೆ.

ಇನ್ನು ಮಗಳು. ಸುಮ್ನೆ ‘ಅಪ್ಪನಿಗೆ ಹುಷಾರಿಲ್ಲ’ ಅನ್ನಬೇಡಿ. ಅವಳಿಗೆ ನೆಗಡಿ ಬಂದಾಗಲೂ ಅದೇ ಮಾತು ಬಳಸುತ್ತೀರಿ. ಕಾಯಿಲೆಗೆ ಹೆಸರು ಹೇಳಿ. ತಲೆಯೊಳಗೆ ಗಡ್ಡೆ ಇದೆ, ಡಾಕ್ಟರು ಔಷಧಿ ಕೊಡುತ್ತಿದ್ದಾರೆ, ಆದರೂ ಅದು ಬೆಳೆಯುತ್ತಿದೆ ಅಂತ ಹೇಳಿ. ಅವಳು ಜಗಳ ಮಾಡಿದ್ದಕ್ಕೆ ಬಂದದ್ದಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ ಅಂತ ಬಿಡಿಸಿ ಹೇಳಿ. ಮಕ್ಕಳ ತಲೆಯಲ್ಲಿ ಈ ಎರಡು ಅನುಮಾನ ಇರುತ್ತವೆ, ಕೇಳುವುದಿಲ್ಲ ಅಷ್ಟೇ. ಫಿಟ್ಸ್ ಬಂದರೆ ಅವಳು ಯಾರನ್ನು ಕರೆಯಬೇಕು ಅನ್ನೋದನ್ನೂ ಕಲಿಸಿಡಿ. ದೊಡ್ಡವರಿಗೆ: ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆ.

‘ನೀನು ಸತ್ತು ಹೋಗ್ತೀಯಾ?’ ಅಂತ ಕೇಳಿದರೆ ಇಲ್ಲ ಅಂತ ಆಣೆ ಮಾಡಬೇಡಿ. ‘ಹಾಗೂ ಆಗಬಹುದು. ಇವತ್ತು ಇಲ್ಲೇ ಇದ್ದೀನಿ. ನಿನ್ನ ನೋಡಿಕೊಳ್ಳೋಕೆ ಅಮ್ಮ ಇರ್ತಾಳೆ’ ಅನ್ನಿ. ಅವಳು ‘ಸರಿ’ ಅಂತ ಹೇಳಿ ಆಟಕ್ಕೆ ಓಡಿಹೋಗಬಹುದು. ಅರ್ಥವಾಗಲಿಲ್ಲ ಅಂದುಕೊಳ್ಳಬೇಡಿ. ನಾಲ್ಕು ದಿನ ಬಿಟ್ಟು, ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಪ್ರಶ್ನೆ ಕೇಳುತ್ತಾಳೆ. ಹೊತ್ತಾಯಿತು ಅಂತ ಎಬ್ಬಿಸಬೇಡಿ. ಪಕ್ಕದಲ್ಲಿ ಕೂತು ಅದಕ್ಕೂ ಉತ್ತರ ಹೇಳಿ.