‘ನಿಮ್ಮ ಅಡ್ಮಿನಿಸ್ಟ್ರೇಟರ್ ಬಂದ್ ಮಾಡಿದ್ದಾರೆ’: ಯಾರು ಆ ಅಡ್ಮಿನಿಸ್ಟ್ರೇಟರ್?

ಟಾಸ್ಕ್ ಮ್ಯಾನೇಜರ್ ತೆರೆಯುತ್ತಿಲ್ಲ, ರಿಜಿಸ್ಟ್ರಿ ಎಡಿಟರ್ ತೆರೆಯುತ್ತಿಲ್ಲ, ‘ಆ್ಯಕ್ಸೆಸ್ ಡಿನೈಡ್’ ಬರುತ್ತಿದೆ. ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಪ್ರಶ್ನೆ ಬಂದಿದ್ದಕ್ಕೆ ನನಗೆ ಬೇಸರವಿಲ್ಲ. ಕೊನೆಯಲ್ಲಿ ‘ಒಂದು ವಿಡಿಯೊ ನೋಡಿ ಹಾಗೆಯೇ ಮಾಡಿದೆ, ಈಗ ಇನ್ನೂ ಕೆಟ್ಟಿದೆ’ ಎಂಬ ಸಾಲು ಇರುತ್ತದಲ್ಲ, ಅದಕ್ಕೆ ಬೇಸರ. ರೀಸ್ಟಾರ್ಟ್ ಮಾಡಿದಿರಾ, ಅಪ್‌ಡೇಟ್ ಆಗಿದೆಯಾ ಎಂದೆಲ್ಲ ಇಲ್ಲಿ ಕೇಳುವುದಿಲ್ಲ. ಅಷ್ಟನ್ನು ನೀವು ಮಾಡಿರುತ್ತೀರಿ. ಕೆಳಗೆ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಪ್ರಶ್ನೆ: ಟಾಸ್ಕ್ ಮ್ಯಾನೇಜರ್ ತೆರೆಯಲು ಹೋದರೆ ‘ಟಾಸ್ಕ್ ಮ್ಯಾನೇಜರ್ ಹ್ಯಾಸ್ ಬೀನ್ ಡಿಸೇಬಲ್ಡ್ ಬೈ ಯುವರ್ ಅಡ್ಮಿನಿಸ್ಟ್ರೇಟರ್’ ಎಂದು ಬರುತ್ತದೆ. ಈ ಕಂಪ್ಯೂಟರ್ ಬಳಸುವುದು ನಾನೊಬ್ಬನೇ. ಅಡ್ಮಿನಿಸ್ಟ್ರೇಟರ್ ಕೂಡ ನಾನೇ. ನಾನಂತೂ ಬಂದ್ ಮಾಡಿಲ್ಲ. ಮತ್ತೆ ಯಾರು ಮಾಡಿದ್ದು?

ಉತ್ತರ: ಆ ಮೆಸೇಜಿನಲ್ಲಿ ಬರುವ ಅಡ್ಮಿನಿಸ್ಟ್ರೇಟರ್ ಒಬ್ಬ ಮನುಷ್ಯನಲ್ಲ. ನಿಮ್ಮ ಖಾತೆಯೂ ಅಲ್ಲ. ಟಾಸ್ಕ್ ಮ್ಯಾನೇಜರ್ ಶುರುವಾಗುವಾಗ ರಿಜಿಸ್ಟ್ರಿಯ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತದ, ಒಂದು ಮೂಲೆಯನ್ನು ಇಣುಕಿ ನೋಡುತ್ತದೆ. ಅಲ್ಲಿ ‘ಡಿಸೇಬಲ್‌ಟಾಸ್ಕ್‌ಎಂಜಿಆರ್’ ಎಂಬ ಹೆಸರಿದ್ದು, ಅದರ ಮುಂದೆ 1 ಎಂದು ಬರೆದಿದ್ದರೆ ಈ ಮೆಸೇಜ್ ತೋರಿಸಿ ಸುಮ್ಮನಾಗುತ್ತದೆ. ಆ 1 ಅನ್ನು ಬರೆದವರು ಯಾರು ಎಂದು ಅದಕ್ಕೆ ಗೊತ್ತಿಲ್ಲ, ಅದು ಕೇಳುವುದೂ ಇಲ್ಲ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ ಒತ್ತಿ ನೋಡಿದೆ ಎಂದು ಬರೆಯುತ್ತೀರಿ. ಹತ್ತು ಸಲ ಒತ್ತಿದರೂ ಅಷ್ಟೇ. ಇಲ್ಲಿ ಅಧಿಕಾರ ಕಡಿಮೆಯಾಗಿಲ್ಲ, ನಿಯಮವೊಂದು ಅಡ್ಡ ನಿಂತಿದೆ.

ಹಾಗಾಗಿ ‘ತೆಗೆಯುವುದು ಹೇಗೆ’ ಎಂದು ಕೇಳುವ ಮೊದಲು ‘ಬರೆದದ್ದು ಯಾರು’ ಎಂದು ಕೇಳಬೇಕು. ಈ ಕ್ರಮವನ್ನು ಯಾವ ವಿಡಿಯೊದಲ್ಲೂ ಹೇಳುವುದಿಲ್ಲ. ನನ್ನ ಸಿಟ್ಟಿಗೆ ಕಾರಣವೇ ಅದು.

ಬರೆಯುವವರು ಸಾಮಾನ್ಯವಾಗಿ ಮೂವರು. ಮೊದಲನೆಯದು, ನೀವು ಕೆಲಸ ಮಾಡುವ ಕಡೆಯ ಐಟಿ ವಿಭಾಗ. ‘ನನ್ನದು ಸ್ವಂತ ಲ್ಯಾಪ್‌ಟಾಪ್, ಆಫೀಸಿಗೂ ಇದಕ್ಕೂ ಏನು ಸಂಬಂಧ’ ಎನ್ನಬೇಡಿ. ಸ್ವಂತ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೇಲ್ ಸೇರಿಸುವಾಗ ಒಂದು ಪುಟ ಬರುತ್ತದೆ. ಸಂಸ್ಥೆ ಈ ಸಾಧನವನ್ನು ನಿರ್ವಹಿಸಲು ಒಪ್ಪಿಗೆ ಇದೆಯೇ ಎಂದು ಕೇಳುವ ಪುಟ. ಅದನ್ನು ಓದದೆ ಓಕೆ ಒತ್ತಿದವರೇ ಜಾಸ್ತಿ. ಒತ್ತಿದರೆ ಆಫೀಸಿನ ನಿಯಮಗಳು ನಿಮ್ಮ ಮನೆಯ ಯಂತ್ರಕ್ಕೂ ಇಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ‘ಆ್ಯಕ್ಸೆಸ್ ವರ್ಕ್ ಆರ್ ಸ್ಕೂಲ್’ ತೆರೆದು ನೋಡಿ. ಅಲ್ಲಿ ಯಾವುದಾದರೂ ಸಂಸ್ಥೆಯ ಹೆಸರಿದ್ದರೆ ಅನುಮಾನ ಮೊದಲು ಅದರ ಮೇಲೆ. ಖಾತೆಯನ್ನು ಅಲ್ಲಿಂದಲೇ ಕಳಚಬಹುದು. ಆದರೆ ಕಳಚುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ, ಅಂದರೆ 48 ಅಂಕಿಗಳ ಆ ಉದ್ದನೆಯ ಸಂಖ್ಯೆ, ನಿಮ್ಮ ಕೈಯಲ್ಲಿ ಇದೆಯೇ ನೋಡಿಕೊಳ್ಳಿ. ಅದು ಸಂಸ್ಥೆಯ ಖಾತೆಯಲ್ಲಿ ಮಾತ್ರ ಉಳಿದಿದ್ದರೆ ಮುಂದೊಂದು ದಿನ ಡಿಸ್ಕ್ ಬೀಗ ಹಾಕಿಕೊಂಡಾಗ ಅವರ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ.

ಎರಡನೆಯದು ಮಾಲ್‌ವೇರ್. ಒಳಗೆ ಹೊಕ್ಕ ಕಳ್ಳ ಮೊದಲು ಮಾಡುವ ಕೆಲಸ ದೀಪ ಆರಿಸುವುದು. ಟಾಸ್ಕ್ ಮ್ಯಾನೇಜರ್ ತೆರೆದರೆ ತಾನು ಕಾಣಿಸುತ್ತೇನೆ, ರಿಜಿಸ್ಟ್ರಿ ಎಡಿಟರ್ ತೆರೆದರೆ ತನ್ನನ್ನು ಕಿತ್ತುಹಾಕುತ್ತಾರೆ ಎಂದು ಅದಕ್ಕೆ ಗೊತ್ತು. ಅದಕ್ಕೇ ಎರಡನ್ನೂ ಒಟ್ಟಿಗೆ ಮುಚ್ಚುತ್ತದೆ. ನಿಮ್ಮಲ್ಲೂ ಎರಡೂ ಒಂದೇ ದಿನ ಮುಚ್ಚಿಕೊಂಡಿದ್ದರೆ, ಹಿಂದಿನ ದಿನ ‘ಉಚಿತ’ ತಂತ್ರಾಂಶ ಏನಾದರೂ ಹಾಕಿದ್ದರೆ, ಇದನ್ನೇ ನಂಬಿ ಮುಂದುವರಿಯಿರಿ.

ಮೂರನೆಯದು ನೀವೇ. ಕಂಪ್ಯೂಟರ್ ವೇಗ ಮಾಡುತ್ತೇವೆ, ಖಾಸಗಿತನ ಕಾಪಾಡುತ್ತೇವೆ ಎನ್ನುವ ‘ಟ್ವೀಕ್’ ತಂತ್ರಾಂಶಗಳಲ್ಲಿ ಟಿಕ್ ಹಾಕುವ ಚೌಕಗಳು ಒಂದು ರಾಶಿ ಇರುತ್ತವೆ. ಎಲ್ಲಕ್ಕೂ ಟಿಕ್ ಹಾಕಿ ‘ಅಪ್ಲೈ’ ಒತ್ತಿದವರು ಆರು ತಿಂಗಳ ನಂತರ ನನಗೆ ಪತ್ರ ಬರೆಯುತ್ತಾರೆ.

ಈಗ ಕೆಲಸಕ್ಕೆ ಬನ್ನಿ. ಮೊದಲು ಸ್ಕ್ಯಾನ್, ಆಮೇಲೆ ರಿಪೇರಿ. ವಿಂಡೋಸ್ ಸೆಕ್ಯುರಿಟಿ ತೆರೆದು ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಕಾಲು ಗಂಟೆ ಹಿಡಿಯಬಹುದು. ಮಾಮೂಲಿ ಸ್ಕ್ಯಾನ್ ಸಾಕಾಗುವುದಿಲ್ಲವಾ ಎಂದರೆ, ವಿಂಡೋಸ್ ನಡೆಯುತ್ತಿರುವಾಗ ಮಾಲ್‌ವೇರ್ ಕೂಡ ನಡೆಯುತ್ತಿರುತ್ತದೆ. ತನ್ನನ್ನು ಬಚ್ಚಿಟ್ಟುಕೊಳ್ಳಲು ಅದಕ್ಕೆ ಸಮಯ ಕೊಡಬಾರದು.

ಸ್ಕ್ಯಾನ್ ಮುಗಿದ ಮೇಲೆ ಹೊಸ ಬಳಕೆದಾರ ಖಾತೆಯೊಂದನ್ನು ಮಾಡಿ ಅದರಲ್ಲಿ ಲಾಗಿನ್ ಆಗಿ. ಅಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ನಿಯಮ ಇರುವುದು ನಿಮ್ಮ ಹಳೆಯ ಖಾತೆಗೆ ಮಾತ್ರ. ತೆರೆಯದಿದ್ದರೆ ಇಡೀ ಯಂತ್ರಕ್ಕೇ ಇದೆ. ಐದು ನಿಮಿಷದ ಈ ಪರೀಕ್ಷೆಯಿಂದ ಅರ್ಧ ದಿನ ಉಳಿಯುತ್ತದೆ.

ನಿಯಮ ಇರುವ ಜಾಗ ಹೇಳುತ್ತೇನೆ. ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಪಾಲಿಸೀಸ್, ಸಿಸ್ಟಂ. ಬಲಗಡೆ ಡಿಸೇಬಲ್‌ಟಾಸ್ಕ್‌ಎಂಜಿಆರ್ ಕಂಡರೆ ಅದೊಂದನ್ನು ಮಾತ್ರ ಅಳಿಸಿ. ಇಡೀ ಪಾಲಿಸೀಸ್ ಫೋಲ್ಡರನ್ನೇ ಅಳಿಸಬೇಡಿ. ಅಳಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಯಂತ್ರಕ್ಕೇ ನಿಯಮ ಇದ್ದರೆ ಎಚ್‌ಕೀ ಲೋಕಲ್ ಮಷೀನ್ ಅಡಿಯಲ್ಲಿ ಇದೇ ದಾರಿ.

ರಿಜಿಸ್ಟ್ರಿ ಎಡಿಟರ್ರೇ ತೆರೆಯದಿದ್ದರೆ? ಅದಕ್ಕೂ ಪಕ್ಕದಲ್ಲೇ ಒಂದು ನಿಯಮ ಇರುತ್ತದೆ, ಹೆಸರು ಡಿಸೇಬಲ್‌ರಿಜಿಸ್ಟ್ರಿಟೂಲ್ಸ್. ಕಮಾಂಡ್ ಪ್ರಾಂಪ್ಟ್‌ನ ‘ರೆಗ್’ ಆಜ್ಞೆಯೂ ಈ ನಿಯಮಕ್ಕೆ ತಲೆಬಾಗಿ ವಾಪಸ್ ಬರುತ್ತದೆ. ಆಜ್ಞೆ ಟೈಪ್ ಮಾಡುವ ಇನ್ನೊಂದು ಕಿಟಕಿಯಾದ ಪವರ್‌ಶೆಲ್ ಮಾತ್ರ ಅದನ್ನು ನೋಡುವುದಿಲ್ಲ. ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು, ‘ರಿಮೂವ್-ಐಟಮ್‌ಪ್ರಾಪರ್ಟಿ’ ಆಜ್ಞೆಯಿಂದ ಅದೇ ದಾರಿಯಲ್ಲಿರುವ ಹೆಸರನ್ನು ಅಳಿಸಬಹುದು.

ಇಲ್ಲೊಂದು ಗುಂಡಿ ಇದೆ, ಬಲ್ಲವರೂ ಬೀಳುತ್ತಾರೆ. ಒಬ್ಬ ಓದುಗರು ಕಳಿಸಿದ ಚಿತ್ರ ನನ್ನ ಮುಂದಿದೆ. ಪವರ್‌ಶೆಲ್ ಕಿಟಕಿ, ಅದರಲ್ಲಿ ಕೆಂಪಕ್ಷರದ ಸಾಲುಗಳು. ಅಂಥ ಹೆಸರಿನ ಪ್ರಾಪರ್ಟಿಯೇ ಇಲ್ಲ ಎಂದು ಅದು ಹೇಳುತ್ತಿದೆ. ಪಕ್ಕದಲ್ಲೇ ಟಾಸ್ಕ್ ಮ್ಯಾನೇಜರ್ ಬಂದ್ ಆಗಿದೆ ಎನ್ನುವ ಮೆಸೇಜ್. ಎರಡೂ ನಿಜ. ಅವರು ಲಾಗಿನ್ ಆಗಿದ್ದು ಸಾಮಾನ್ಯ ಖಾತೆಯಲ್ಲಿ. ಪವರ್‌ಶೆಲ್ ತೆರೆಯುವಾಗ ಕೊಟ್ಟಿದ್ದು ಬೇರೊಂದು ಅಡ್ಮಿನ್ ಖಾತೆಯ ಪಾಸ್‌ವರ್ಡ್. ಆ ಕಿಟಕಿಗೆ ‘ಕರೆಂಟ್ ಯೂಸರ್’ ಅಂದರೆ ಪಾಸ್‌ವರ್ಡ್ ಕೊಟ್ಟ ಅಡ್ಮಿನ್, ಕುರ್ಚಿಯಲ್ಲಿ ಕೂತವರಲ್ಲ! ಪಕ್ಕದ ಮನೆ ಗುಡಿಸಿ, ನಮ್ಮ ಮನೆಯಲ್ಲಿ ಕಸ ಹಾಗೇ ಇದೆಯಲ್ಲ ಎಂದಂತೆ.

ಇದಕ್ಕೆ ಪರಿಹಾರ ಹೀಗೆ. ಅಡ್ಮಿನ್ ಆಗಿ ತೆರೆಯದ ಮಾಮೂಲಿ ಕಮಾಂಡ್ ಪ್ರಾಂಪ್ಟ್ ಕಿಟಕಿಯಲ್ಲಿ ‘ಹೂಆಮ್‌ಐ’, ಜಾಗ ಬಿಟ್ಟು ಸ್ಲ್ಯಾಶ್ ಯೂಸರ್ ಎಂದು ಟೈಪ್ ಮಾಡಿ. ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ. ಅದು ನಿಮ್ಮ ಖಾತೆಯ ಗುರುತು. ಆ ಅಡ್ಮಿನ್ ಪಾಸ್‌ವರ್ಡಿನಿಂದಲೇ ರಿಜಿಸ್ಟ್ರಿ ಎಡಿಟರ್ ತೆರೆದು, ಎಚ್‌ಕೀ ಯೂಸರ್ಸ್ ಅಡಿಯಲ್ಲಿ ಅದೇ ಸಂಖ್ಯೆಯ ಫೋಲ್ಡರ್ ಹುಡುಕಿ, ಅದರೊಳಗೆ ಮೇಲೆ ಹೇಳಿದ ದಾರಿ ಹಿಡಿಯಿರಿ. ಆ ಓದುಗರಿಗೆ ಹೆಸರು ಸಿಕ್ಕಿದ್ದು ಅಲ್ಲೇ.

ಅಳಿಸಿದ ಮೇಲೂ ಕಣ್ಣಿಡಿ. ಅಳಿಸಿದ ಕೆಲವೇ ಸೆಕೆಂಡಿನಲ್ಲಿ ಅಥವಾ ರೀಸ್ಟಾರ್ಟ್ ಆದ ಕೂಡಲೇ ಅದೇ 1 ವಾಪಸ್ ಬಂದರೆ, ಒಳಗೆ ಕೂತು ಬರೆಯುತ್ತಿರುವವರು ಇನ್ನೂ ಇದ್ದಾರೆ. ಮಾಲ್‌ವೇರ್ ಹೋಗಿಲ್ಲ. ಡೊಮೇನಿಗೆ, ಅಂದರೆ ಆಫೀಸಿನ ಸರ್ವರ್ ನಿರ್ವಹಿಸುವ ಜಾಲಕ್ಕೆ ಸೇರಿದ ಯಂತ್ರವಾದರೆ ಗ್ರೂಪ್ ಪಾಲಿಸಿ, ಅಂದರೆ ಆಫೀಸಿನಿಂದ ಬರುವ ನಿಯಮಗಳ ಪಟ್ಟಿ, ತನ್ನಷ್ಟಕ್ಕೆ 90 ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಅರ್ಧ ಗಂಟೆ ತಡವಾಗಿ, ಹೊಸದಾಗಿ ಪರಿಶೀಲನೆಯಾಗುತ್ತದೆ. ಮಧ್ಯಾಹ್ನ ಸರಿ ಮಾಡಿದ್ದು ಸಂಜೆ ಮತ್ತೆ ಮುಚ್ಚಿಕೊಂಡರೆ ಅದು ನಿಮ್ಮ ಐಟಿಯವರ ಕೆಲಸ. ಅವರ ಹತ್ತಿರವೇ ಮಾತಾಡಿ.

ಎರಡು ಸಲ ಆಫ್‌ಲೈನ್ ಸ್ಕ್ಯಾನ್ ಮಾಡಿದರೂ ವಾಪಸ್ ಬರುತ್ತಿದ್ದರೆ ನಾನು ಹುಡುಕಾಟ ನಿಲ್ಲಿಸುತ್ತೇನೆ. ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ವಿಂಡೋಸ್ ಹೊಸದಾಗಿ ಹಾಕುತ್ತೇನೆ. ಬೇರೊಂದು ಸಾಧನದಿಂದ ಪಾಸ್‌ವರ್ಡ್‌ಗಳನ್ನೂ ಬದಲಿಸುತ್ತೇನೆ. ಇದು ಅತಿ ಎಚ್ಚರ ಎನ್ನುವವರಿದ್ದಾರೆ. ಇರಲಿ. ಅದೇ ಯಂತ್ರದಲ್ಲಿ ಬ್ಯಾಂಕಿಗೆ ಲಾಗಿನ್ ಆಗುವುದು ನೀವು.

ಪ್ರಶ್ನೆ: ನನ್ನದು ಅಡ್ಮಿನ್ ಖಾತೆ. ಆದರೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸರ್ವಿಸ್ ನಿಲ್ಲಿಸಲು ಹೋದರೆ ‘ಸಿಸ್ಟಂ ಎರರ್ 5, ಆ್ಯಕ್ಸೆಸ್ ಈಸ್ ಡಿನೈಡ್’ ಬರುತ್ತದೆ. ‘ಅನುಮತಿ ಕೊಡುತ್ತೀರಾ’ ಎಂದು ಪೆಟ್ಟಿಗೆ ತೋರಿಸಿ ಕೇಳುವ ಯುಎಸಿಯನ್ನು ಪೂರ್ತಿ ತೆಗೆದುಹಾಕಲೇ?

ಉತ್ತರ: ಬೇಡ. ವಿಸ್ಟಾ ಬಂದದ್ದು 2007ರಲ್ಲಿ. ಯುಎಸಿ ಬಂದದ್ದೂ ಅದರ ಜೊತೆಗೇ. ಇಷ್ಟು ವರ್ಷವಾದರೂ ಇದನ್ನು ಹೇಳಬೇಕಾಗಿದೆ. ಅಡ್ಮಿನ್ ಖಾತೆಯಲ್ಲಿ ಲಾಗಿನ್ ಆದಾಗ ವಿಂಡೋಸ್ ನಿಮಗೆ ಎರಡು ಗುರುತುಚೀಟಿ ಮಾಡಿಕೊಡುತ್ತದೆ. ಒಂದರಲ್ಲಿ ಪೂರ್ತಿ ಅಧಿಕಾರ, ಇನ್ನೊಂದರಲ್ಲಿ ಸಾಮಾನ್ಯ ಬಳಕೆದಾರನಷ್ಟೇ. ದಿನನಿತ್ಯದ ಪ್ರೋಗ್ರಾಂಗಳೆಲ್ಲ ನಡೆಯುವುದು ಎರಡನೆಯದರಲ್ಲಿ. ಮಾಮೂಲಿ ಕಿಟಕಿಯಲ್ಲಿ ‘ಹೂಆಮ್‌ಐ ಸ್ಲ್ಯಾಶ್ ಗ್ರೂಪ್ಸ್’ ಕೊಟ್ಟು ನೋಡಿ. ಅಡ್ಮಿನಿಸ್ಟ್ರೇಟರ್ಸ್ ಎಂಬ ಸಾಲಿನ ಮುಂದೆ ‘ಡಿನೈ ಓನ್ಲಿ’ ಎಂದಿರುತ್ತದೆ, ಕೆಳಗೆಲ್ಲೋ ‘ಮೀಡಿಯಂ ಮ್ಯಾಂಡೇಟರಿ ಲೆವೆಲ್’ ಎಂದಿರುತ್ತದೆ. ಆ ಕಿಟಕಿಯ ಮಟ್ಟಿಗೆ ನೀವು ಅಡ್ಮಿನ್ ಅಲ್ಲ ಎಂದರ್ಥ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಬರೆದು, ಎಂಟರ್ ಬದಲು ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿ. ಅದೇ ಆಜ್ಞೆ ಮತ್ತೆ ಕೊಡಿ. ಈಗ ‘ಹೈ’ ಎಂದಿರುತ್ತದೆ, ಎರರ್ 5 ಕೂಡ ಹೋಗಿರುತ್ತದೆ.

ಯುಎಸಿ ಸ್ಲೈಡರನ್ನು ತಳಕ್ಕೆ ಎಳೆದವರಿಗೆ ಒಂದು ಮಾತು. ವಿಂಡೋಸ್ 10 ಮತ್ತು 11ರಲ್ಲಿ ಹಾಗೆ ಮಾಡಿದರೂ ಎರಡು ಚೀಟಿಯ ವ್ಯವಸ್ಥೆ ಹೋಗುವುದಿಲ್ಲ. ಎರರ್ 5 ಹಾಗೇ ಉಳಿಯುತ್ತದೆ. ಹೋಗುವುದು ಕೇಳುವ ಪೆಟ್ಟಿಗೆ ಮಾತ್ರ. ಅಂದರೆ ದೊಡ್ಡ ಚೀಟಿ ಕೇಳಿದ ಪ್ರೋಗ್ರಾಂಗೆ ನಿಮ್ಮನ್ನು ಕೇಳದೆಯೇ ಕೊಟ್ಟುಬಿಡುತ್ತದೆ. ತೊಂದರೆ ಉಳಿಯಿತು, ಕಾವಲು ಹೋಯಿತು. ಚೆನ್ನಾಗಿದೆ ಅಲ್ವಾ?

ಪ್ರಶ್ನೆ: ಸಿಸ್ಟಂ ಫೈಲ್ ತೆರೆಯಲು ಬಿಡುತ್ತಿಲ್ಲ. ಸಿ ಡ್ರೈವ್ ಪೂರ್ತಿಗೆ ‘ಟೇಕ್ ಓನರ್‌ಶಿಪ್’ ಮಾಡಿದರೆ ಸರಿಹೋಗುತ್ತದಂತೆ, ಹೌದೇ?

ಉತ್ತರ: ನಾನೇ ಒಮ್ಮೆ ಮಾಡಿದ್ದೇನೆ, ಸ್ವಂತ ಯಂತ್ರದಲ್ಲಿ, ಹುಮ್ಮಸ್ಸಿನಲ್ಲಿ. ವಿಂಡೋಸ್‌ನ ಮುಖ್ಯ ಫೈಲುಗಳ ಒಡೆತನ ‘ಟ್ರಸ್ಟೆಡ್‌ಇನ್‌ಸ್ಟಾಲರ್’ ಎಂಬ ಸರ್ವಿಸ್‌ನದು. ಅದನ್ನು ಕಿತ್ತುಕೊಂಡ ಮಾರನೇ ದಿನ ಸ್ಟೋರ್‌ನಿಂದ ಹಾಕಿದ ಆ್ಯಪ್‌ಗಳು ಒಂದೂ ಏಳಲಿಲ್ಲ, ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಸಾವಿರಾರು ಫೈಲುಗಳಿಗೆ ಮೊದಲಿದ್ದ ಅನುಮತಿ ಯಾವುದು ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಕೊನೆಗೆ ವಿಂಡೋಸ್ ಮತ್ತೆ ಹಾಕಬೇಕಾಯಿತು. ನಿಮ್ಮದೇ ಹಳೆಯ ಡಿಸ್ಕಿನ ಫೋಟೊ ಫೋಲ್ಡರಿಗೆ ಬೇಕಾದರೆ ಮಾಡಿಕೊಳ್ಳಿ. ಸಿ ಡ್ರೈವ್ ತಂಟೆಗೆ ಹೋಗಬೇಡಿ.

ಪ್ರಶ್ನೆ: ಗ್ರೂಪ್ ಪಾಲಿಸಿ ಎಡಿಟರ್ ತೆರೆಯುತ್ತಿಲ್ಲ, ಹುಡುಕಿದರೂ ಸಿಗುತ್ತಿಲ್ಲ. ಅನುಮತಿ ಪಡೆಯುವುದು ಹೇಗೆ?

ಉತ್ತರ: ನಿಮ್ಮದು ಹೋಮ್ ಆವೃತ್ತಿ. ಅದರಲ್ಲಿ ಅದು ಇಲ್ಲವೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗದ ಕೈ ಹುಡುಕಬೇಡಿ.

ಪ್ರಶ್ನೆ: ಒಳಗೇ ಇರುವ ‘ಅಡ್ಮಿನಿಸ್ಟ್ರೇಟರ್’ ಖಾತೆಯನ್ನು ಆನ್ ಮಾಡಿ ದಿನವೂ ಅದನ್ನೇ ಬಳಸಬಹುದೇ?

ಉತ್ತರ: ಬಳಸಬಾರದು. ಅಲ್ಲಿ ಪ್ರತಿ ಪ್ರೋಗ್ರಾಂಗೂ ಕೇಳದೆಯೇ ಪೂರ್ತಿ ಅಧಿಕಾರ.

ಪ್ರಶ್ನೆ: ಎಲ್ಲ ಎರರ್ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುವ ರಿಜಿಸ್ಟ್ರಿ ಕ್ಲೀನರ್ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ.

ಪ್ರಶ್ನೆ: ಎರರ್ ಸರಿಮಾಡಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕೊಟ್ಟಿರುವ ಸಾಲನ್ನು ಅಂಟಿಸಿ ಎಂಟರ್ ಒತ್ತಲು ಒಂದು ಪುಟ ಹೇಳಿತು. ಮಾಡಿದೆ. ಏನೂ ಆಗಲಿಲ್ಲ.

ಉತ್ತರ: ಏನೂ ಕಾಣಲಿಲ್ಲ ಅನ್ನಿ. ಹೀಗೆ ಬಳಕೆದಾರರ ಕೈಯಿಂದಲೇ ಮಾಲ್‌ವೇರ್ ಇಳಿಸುವುದು ಈಗ ದೊಡ್ಡ ದಂಧೆ. ಇಂಟರ್ನೆಟ್ ಕಡಿದುಹಾಕಿ, ಆಫ್‌ಲೈನ್ ಸ್ಕ್ಯಾನ್ ಶುರು ಮಾಡಿ, ಅದು ನಡೆಯುತ್ತಿರುವಾಗ ಮೊಬೈಲ್‌ನಿಂದ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಇದನ್ನು ಓದಿ ಮುಗಿಸುವವರೆಗೂ ಕಾಯಬೇಡಿ.