ಲ್ಯಾಟಿನ್ ದುಡ್ಡಿದ್ದವರ ಮಕ್ಕಳಿಗೆ ಮಾತ್ರವೇ?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಊರಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಬೇಜಾರಾಯಿತು, ಸಿಟ್ಟೂ ಬಂತು. ಮಗಳು ಓದುವ ಸರ್ಕಾರಿ ಶಾಲೆಯಲ್ಲಿ ಹಳೇ ರೋಮಿನ ಭಾಷೆಯಾದ ಲ್ಯಾಟಿನ್ ತರಗತಿ ವರ್ಷದ ನಡುವೆಯೇ ನಿಂತುಹೋಯಿತು ಎಂದಿದ್ದೀರಿ. ಮತ್ತೆ ಶುರುಮಾಡಿ ಎಂದು ಕೇಳಲು ಕೆಲವು ಪೋಷಕರು ಹೊರಟಿದ್ದೀರಿ. ಆದರೆ ಮನೆಯಲ್ಲೇ ತಕರಾರು: "ಗಣಿತಕ್ಕೇ ಮೇಷ್ಟ್ರಿಲ್ಲ, ಯಾರೂ ಮಾತಾಡದ ಭಾಷೆಗೆ ಯಾಕಿಷ್ಟು ಒದ್ದಾಟ?" ಕೇಳುವುದು ಸರಿಯೋ ತಪ್ಪೋ ಅನ್ನುವುದು ನಿಮ್ಮ ಪ್ರಶ್ನೆ. ಕೇಳಿ. ಗಟ್ಟಿಯಾಗಿಯೇ ಕೇಳಿ.

ಉಳಿದ ಓದುಗರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 2021ರಲ್ಲಿ ಬ್ರಿಟನ್ನಿನ ಶಿಕ್ಷಣ ಇಲಾಖೆ ಇಂಗ್ಲೆಂಡಿನ 40 ಸರ್ಕಾರಿ ಶಾಲೆಗಳಲ್ಲಿ ಲ್ಯಾಟಿನ್ ಕಲಿಸಲು 40 ಲಕ್ಷ ಪೌಂಡ್ ಕೊಡುವುದಾಗಿ ಹೇಳಿತು. 11ರಿಂದ 16 ವರ್ಷದ ಮಕ್ಕಳಿಗಾಗಿ ಮಾಡಿದ ಯೋಜನೆ ಅದು. 2022ರಲ್ಲಿ ಪಾಠ ಶುರುವಾಯಿತು, 2026ರವರೆಗೆ ನಡೆಯಬೇಕಿತ್ತು. ಅಷ್ಟರಲ್ಲಿ ಸರ್ಕಾರ ಬದಲಾಯಿತು. ಖಜಾನೆಯಲ್ಲಿ ದುಡ್ಡಿಲ್ಲ ಎಂದು ಹೊಸ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಯೋಜನೆ ಕೈಬಿಡುವುದಾಗಿ ತಿಳಿಸಿತು. 2025ರ ಫೆಬ್ರವರಿಯಲ್ಲಿ ಹಣ ನಿಂತಿತು. ಅಲ್ಲಿನ ಮಕ್ಕಳು ಹದಿನಾರರ ಹೊತ್ತಿಗೆ ಬರೆಯುವ, ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆ ಇರುವುದು ಮೇ, ಜೂನ್‌ನಲ್ಲಿ. ಮೂರೂವರೆ ತಿಂಗಳು ಕಾದಿದ್ದರೆ ಆ ವರ್ಷ ಪರೀಕ್ಷೆಗೆ ಕೂರುವ ಮಕ್ಕಳಾದರೂ ದಡ ಸೇರುತ್ತಿದ್ದರು. ಹೊಸದಾಗಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದಿದ್ದರೆ ಒಪ್ಪಬಹುದಿತ್ತು. ಸೇರಿಸಿಕೊಂಡ ಮಕ್ಕಳನ್ನು ನಡುನೀರಿನಲ್ಲಿ ಕೈಬಿಟ್ಟಿದ್ದು ಮಾತ್ರ ಅನ್ಯಾಯ.

ಈಗ ಮನೆಯವರ ಮಾತಿಗೆ ಬರೋಣ. ಗಣಿತದ ಮೇಷ್ಟ್ರ ಕೊರತೆ ನಿಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕ ನೋಡಿ. 40 ಲಕ್ಷವನ್ನು 40 ಶಾಲೆಗೆ, ನಾಲ್ಕು ವರ್ಷಕ್ಕೆ ಹಂಚಿದರೆ ಒಂದು ಶಾಲೆಗೆ ವರ್ಷಕ್ಕೆ 25,000 ಪೌಂಡ್. ಹಣ ನಿಂತ 2024-25ರ ಶಾಲಾ ವರ್ಷದಲ್ಲಿ ಲಂಡನ್ನಿನ ಹೊರಗೆ ಹೊಸದಾಗಿ ಕೆಲಸಕ್ಕೆ ಸೇರುವ ಶಿಕ್ಷಕರ ಸಂಬಳವೇ 31,650 ಪೌಂಡ್. ಒಂದು ಶಾಲೆಯಲ್ಲಿ ಲ್ಯಾಟಿನ್ ನಿಲ್ಲಿಸಿ ಉಳಿಸಿದ ದುಡ್ಡಿಗೆ ಒಬ್ಬ ಗಣಿತದ ಮೇಷ್ಟ್ರೂ ಬರುವುದಿಲ್ಲ.

ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಅಂಕಿ. ಯೋಜನೆ ಘೋಷಿಸಿದಾಗ 11ರಿಂದ 14 ವರ್ಷದ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದ ಸರ್ಕಾರಿ ಶಾಲೆಗಳು 100ಕ್ಕೆ ಮೂರೂ ಇರಲಿಲ್ಲ. ಖಾಸಗಿ ಶಾಲೆಗಳು 100ಕ್ಕೆ 49 ಇದ್ದವು. ಅಂದರೆ ಸರ್ಕಾರ ಕೈಬಿಟ್ಟ ಮಾತ್ರಕ್ಕೆ ಲ್ಯಾಟಿನ್ ಇಂಗ್ಲೆಂಡಿನಿಂದ ಹೋಗುವುದಿಲ್ಲ. ಫೀಸು ಕಟ್ಟಬಲ್ಲವರ ಮಕ್ಕಳು ಆರಾಮಾಗಿ ಕಲಿಯುತ್ತಲೇ ಇರುತ್ತಾರೆ. ರೋಮಿನ ಚರಿತ್ರೆ, ಅಲ್ಲಿನ ಮಹಾಕವಿ ವರ್ಜಿಲನ ಕಾವ್ಯವನ್ನು ಮೂಲದಲ್ಲೇ ಓದುವ ಅವಕಾಶ ಅವರಿಗೆ ಇದ್ದೇ ಇರುತ್ತದೆ. ಉಪಯೋಗವಿಲ್ಲದ ಪಾಠ ಎಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಹೇಳುವವರು, ದುಬಾರಿ ಶಾಲೆಗಳು ಅದನ್ನು ಯಾಕೆ ಬಿಡುತ್ತಿಲ್ಲ ಎಂದೂ ಹೇಳಬೇಕು, ಅಲ್ವಾ?

"ನನಗೆ ಲ್ಯಾಟಿನ್‌ನ ಗಂಧವೂ ಇಲ್ಲ, ಮಗಳಿಗೆ ಹೇಗೆ ಹೇಳಿಕೊಡಲಿ?" ಎಂದೂ ಕೇಳಿದ್ದೀರಿ. ನಿಮಗೆ ಕನ್ನಡ ಗೊತ್ತಲ್ಲ! "ನಾಯಿ ಬೆಕ್ಕನ್ನು ಅಟ್ಟಿತು" ಅಂದರೂ "ಬೆಕ್ಕನ್ನು ನಾಯಿ ಅಟ್ಟಿತು" ಅಂದರೂ ಓಡಿದ್ದು ಬೆಕ್ಕೇ. ಇಂಗ್ಲಿಷ್‌ನಲ್ಲಿ ಪದಗಳನ್ನು ಹಾಗೆ ಅದಲುಬದಲು ಮಾಡಿದರೆ ನಾಯಿಯೇ ಓಡಬೇಕಾಗುತ್ತದೆ. ಲ್ಯಾಟಿನ್ ಈ ವಿಷಯದಲ್ಲಿ ನಮ್ಮ ಕಡೆ. ಅಲ್ಲೂ ಪದದ ಕೊನೆಯಲ್ಲಿ ವಿಭಕ್ತಿ ಪ್ರತ್ಯಯ ಇರುತ್ತದೆ, ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಮಕ್ಕಳು ತಡವರಿಸುವ ಜಾಗ ಅದು. ಮನೆಯಲ್ಲಿ ಕನ್ನಡ ಮಾತಾಡುವ ನಿಮ್ಮ ಮಗಳಿಗೆ ಅದು ಕಿವಿಗೆ ಬಿದ್ದು ಬಿದ್ದು ಗೊತ್ತಿರುವ ವಿಷಯ. ಅವಳ ಪಕ್ಕ ಕೂತು ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿಸಿ ನೋಡಿ.

ಇನ್ನು ಶಾಲೆಯ ಮಾತು. ಹೆಡ್‌ಟೀಚರ್ ಹತ್ತಿರ ಸುಮ್ನೆ "ಲ್ಯಾಟಿನ್ ಬೇಕು" ಅನ್ನಬೇಡಿ. ಕ್ಲಾಸಿಕ್ಸ್ ಫಾರ್ ಆಲ್ ಅನ್ನುವ ಸಂಸ್ಥೆ 2010ರಿಂದ ಸರ್ಕಾರಿ ಶಾಲೆಗಳಿಗೆ ನೆರವಾಗುತ್ತಿದೆ. ಶಾಲೆಯಲ್ಲಿ ಈಗಾಗಲೇ ಇರುವ ಇಂಗ್ಲಿಷ್ ಅಥವಾ ಚರಿತ್ರೆಯ ಶಿಕ್ಷಕರಿಗೆ ಲ್ಯಾಟಿನ್ ಕಲಿಸಲು ಅದು ತರಬೇತಿ ಕೊಡುತ್ತದೆ. ಅದಕ್ಕೆ ಅರ್ಜಿ ಹಾಕಲು ಶಾಲೆ ಸಿದ್ಧವಿದೆಯೇ, ಕಲಿಯಲು ಒಬ್ಬ ಶಿಕ್ಷಕರಾದರೂ ಮುಂದೆ ಬರುತ್ತಾರೆಯೇ, ಶಾಲೆ ಬಿಟ್ಟ ಮೇಲಾದರೂ ಒಂದು ಕೊಠಡಿ ಸಿಗುತ್ತದೆಯೇ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪರೀಕ್ಷೆಗೆ ಮಗಳ ಹೆಸರು ನೋಂದಾಯಿಸಲು ಶಾಲೆ ಒಪ್ಪುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ. ಶಾಲೆ ಆಗುವುದಿಲ್ಲ ಅಂದರೆ ಆ ಪತ್ರವನ್ನೇ ಹಿಡಿದುಕೊಂಡು ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೋಗಿ.