ಸಾವಯವ ಗೋಧಿಯ ಬಿಸ್ಕತ್ತೂ ಬಿಸ್ಕತ್ತೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಂಸ್ಕರಿತ ಆಹಾರ ಮತ್ತು ಮಣ್ಣನ್ನು ಚೇತರಿಸುವ ಬೇಸಾಯದ (ಪುನರುಜ್ಜೀವನ ಕೃಷಿಯ) ಕುರಿತು ನನಗೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಗೊಂದಲದಿಂದ ಹುಟ್ಟಿದವು. ಚೆನ್ನಾಗಿ ಬೆಳೆದ ಪದಾರ್ಥದಿಂದ ಏನು ಮಾಡಿದರೂ ಒಳ್ಳೆಯದು, ಕಾರ್ಖಾನೆ ಮುಟ್ಟಿದ್ದೆಲ್ಲ ವಿಷ ಎಂದು ನಂಬಿದವರು ಅನೇಕರು. ಬೆಳೆಯನ್ನು ಹೇಗೆ ಬೆಳೆದರು ಎಂಬುದು ಒಂದು ವಿಚಾರ, ಕೊಯ್ದ ಮೇಲೆ ಅದನ್ನು ಏನು ಮಾಡಿದರು ಎಂಬುದು ಇನ್ನೊಂದು ವಿಚಾರ. ಒಂದರ ಪುಣ್ಯ ಇನ್ನೊಂದರ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಕಾಳು, ತರಕಾರಿ, ಹಣ್ಣುಗಳನ್ನು ಹೆಚ್ಚು ತಿನ್ನಿರಿ ಎಂಬ ಎಲ್ಲರಿಗೂ ತಿಳಿದ ಮಾತನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನನಗೆ ಇಬ್ಬರು ಮಕ್ಕಳು. ಮಾಮೂಲಿ ಬಿಸ್ಕತ್ತು ಮತ್ತು ಬೆಳಗಿನ ಸಿಹಿ ಧಾನ್ಯದ ಪೊಟ್ಟಣಗಳನ್ನು ಬಿಟ್ಟು, ‘ಪುನರುಜ್ಜೀವನ ಕೃಷಿ ಮಾಡುವ ರೈತ ಕುಟುಂಬಗಳ ಸಾವಯವ ಧಾನ್ಯದಿಂದ ತಯಾರಿಸಿದ್ದು’ ಎಂದು ಬರೆದಿರುವುದನ್ನೇ ಕೊಳ್ಳುತ್ತಿದ್ದೇನೆ. ಬೆಲೆ ಹೆಚ್ಚು; ಆದರೆ ಮಕ್ಕಳಿಗೂ ಮಣ್ಣಿಗೂ ಒಳ್ಳೆಯದಲ್ಲವೇ?

ಮಕ್ಕಳ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವೇನೂ ಆಗುವುದಿಲ್ಲ; ಮಣ್ಣಿನ ಮಟ್ಟಿಗೆ ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ ಒಳ್ಳೆಯದು. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಸಾವಯವ ಪ್ರಮಾಣಪತ್ರದ ನಿಯಮಗಳು ಹೊಲದಲ್ಲಿ ಕೃತಕ ಕೀಟನಾಶಕವನ್ನೂ ಕೃತಕ ಗೊಬ್ಬರವನ್ನೂ ನಿರ್ಬಂಧಿಸುತ್ತವೆ, ತಯಾರಿಕೆಯಲ್ಲಿ ಬಳಸಬಹುದಾದ ಸೇರ್ಪಡೆಗಳ ಪಟ್ಟಿಯನ್ನೂ ಚಿಕ್ಕದಾಗಿಸುತ್ತವೆ. ಆದರೆ ಬಿಸ್ಕತ್ತಿನಲ್ಲಿ ಸಕ್ಕರೆ ಎಷ್ಟಿರಬೇಕು, ಉಪ್ಪು ಎಷ್ಟಿರಬೇಕು, ಹಿಟ್ಟಿನಿಂದ ತೌಡನ್ನು ತೆಗೆಯಬಹುದೇ ಎಂಬ ಬಗ್ಗೆ ಅವು ಮಿತಿ ಹಾಕುವುದಿಲ್ಲ. ಸಾವಯವ ಸಕ್ಕರೆಯೂ ದೇಹದಲ್ಲಿ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಆಹಾರಕ್ಕೆ ಬೆರೆಸಿದ ಸಕ್ಕರೆ ಮತ್ತು ಜೇನು, ಹಣ್ಣಿನ ರಸಗಳಲ್ಲಿರುವ ಸಕ್ಕರೆ ಇವೆಲ್ಲ ಸೇರಿ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕೆಂದು ಹೇಳುವಾಗ ಸಾವಯವಕ್ಕೆ ವಿನಾಯಿತಿ ಕೊಟ್ಟಿಲ್ಲ.

ಸಕ್ಕರೆ, ಉಪ್ಪುಗಳಿಗಿಂತ ಹೆಚ್ಚು ಮುಖ್ಯವಾದ, ಆದರೆ ಪೊಟ್ಟಣದ ಮೇಲೆ ಎಲ್ಲಿಯೂ ಬರೆಯದ ಸಂಗತಿ ಆಹಾರದ ಕಟ್ಟಡ, ಅಂದರೆ ಅದರ ಒಳರಚನೆ. ಇಡೀ ಕಾಳಿನಲ್ಲಿ ಪಿಷ್ಟವು ಜೀವಕೋಶದ ಗೋಡೆಗಳೊಳಗೆ ಬಂಧಿಯಾಗಿರುತ್ತದೆ. ಅಗಿಯಲು ಹೊತ್ತು ಬೇಕು, ಜೀರ್ಣಿಸಲು ಇನ್ನೂ ಹೆಚ್ಚು ಹೊತ್ತು ಬೇಕು, ಆ ಹೊತ್ತಿನಲ್ಲಿಯೇ ಹೊಟ್ಟೆ ತುಂಬಿದ ಸೂಚನೆ ಮೆದುಳಿಗೆ ತಲುಪುತ್ತದೆ. ಕಾರ್ಖಾನೆಯು ಅದೇ ಕಾಳನ್ನು ಪಿಷ್ಟ, ಪ್ರೋಟೀನ್, ಎಣ್ಣೆ, ನಾರು ಎಂದು ಬಿಡಿಸಿ, ಬೇಕಾದದ್ದನ್ನಷ್ಟೇ ಮತ್ತೆ ಜೋಡಿಸಿ, ಸಿರಪ್, ಪರಿಮಳ, ಎಣ್ಣೆ ನೀರುಗಳನ್ನು ಬೆರೆಸಿಡುವ ಎಮಲ್ಸಿಫೈಯರ್ ಸೇರಿಸಿ ಒತ್ತಿ ಉಬ್ಬಿಸಿದಾಗ ಆ ಕಟ್ಟಡ ಉಳಿದಿರುವುದಿಲ್ಲ. 1977ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ ಹತ್ತು ಜನರಿಗೆ ಸೇಬನ್ನು ಇಡಿಯಾಗಿ, ಅರೆದು, ರಸವಾಗಿ ಕೊಟ್ಟು ನೋಡಿದರು. ಸಕ್ಕರೆಯ ಪ್ರಮಾಣ ಸಮನಾಗಿದ್ದರೂ ರಸ ಕುಡಿದಾಗ ಹೊಟ್ಟೆ ತುಂಬಿದ ತೃಪ್ತಿ ಕಡಿಮೆಯಾಯಿತು, ಇನ್ಸುಲಿನ್ ಹೆಚ್ಚು ಏರಿತು. ಆ ಸೇಬು ಎಂತಹ ತೋಟದಿಂದ ಬಂದಿದ್ದರೂ ಫಲಿತಾಂಶ ಬೇರೆಯಾಗುತ್ತಿರಲಿಲ್ಲ.

ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೈರೊ 2009ರಲ್ಲಿ ಮುಂದಿಟ್ಟ ನೋವಾ ವರ್ಗೀಕರಣವು ಆಹಾರವನ್ನು ಸಂಸ್ಕರಣೆಯ ಮಟ್ಟ ಮತ್ತು ಉದ್ದೇಶದ ಮೇಲೆ ನಾಲ್ಕು ಗುಂಪು ಮಾಡುತ್ತದೆ. ಅದರ ಕೊನೆಯ ಗುಂಪೇ ಅತಿ ಸಂಸ್ಕರಿತ ಆಹಾರ, ನಿಮ್ಮ ದುಬಾರಿ ಪೊಟ್ಟಣಗಳಲ್ಲಿ ಹೆಚ್ಚಿನವು ಸೇರುವುದು ಅಲ್ಲಿಗೇ. ಈ ಗುಂಪಿನ ಬಗ್ಗೆ ಇರುವ ಸಾಕ್ಷ್ಯಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ. ಇಪ್ಪತ್ತು ಜನರನ್ನು ನಾಲ್ಕು ವಾರ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಪದಾರ್ಥಗಳಿಂದ ಮಾಡಿದ ಊಟ ಬಡಿಸಿ, ಎಷ್ಟು ಬೇಕಾದರೂ ತಿನ್ನಲು ಬಿಟ್ಟರು. ತಟ್ಟೆಗೆ ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡೂ ಕಡೆ ಸಮನಾಗಿದ್ದವು. ಆದರೂ ಅತಿ ಸಂಸ್ಕರಿತ ಊಟದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗ ತಿಂದರು, ಸರಾಸರಿ 0.9 ಕಿಲೊ ತೂಕ ಏರಿಸಿಕೊಂಡರು; ಇನ್ನೊಂದು ಊಟದಲ್ಲಿ ಅಷ್ಟೇ ತೂಕ ಇಳಿಸಿಕೊಂಡರು.

ಇಪ್ಪತ್ತು ಜನರ ನಾಲ್ಕು ವಾರಗಳ ಪ್ರಯೋಗದಿಂದ ಒಂದು ಜೀವಮಾನದ ತೀರ್ಮಾನಕ್ಕೆ ಬರಬಾರದು ಎಂಬುದನ್ನೂ ಹೇಳಲೇಬೇಕು. ನೋವಾದ ನಾಲ್ಕನೇ ಗುಂಪು ಬಹಳ ವಿಶಾಲವಾದದ್ದು. ಸಿಹಿ ಪಾನೀಯವೂ ಕಾರ್ಖಾನೆಯಲ್ಲಿ ಮಾಡಿದ ಇಡೀ ಗೋಧಿಯ ಬ್ರೆಡ್ಡೂ ಅದರೊಳಗೇ ಬರಬಹುದು. ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ರೋಗದೊಂದಿಗೆ ಗಟ್ಟಿಯಾದ ನಂಟು ಕಂಡಿರುವುದು ಸಿಹಿ ಪಾನೀಯಗಳಿಗೆ ಮತ್ತು ಸಂಸ್ಕರಿತ ಮಾಂಸಕ್ಕೆ. ಇಡೀ ಧಾನ್ಯದ ಬ್ರೆಡ್ಡಿಗೆ ಅಂತಹ ನಂಟು ಕಂಡಿಲ್ಲ. ಆದ್ದರಿಂದ ಮನೆಯಿಂದ ಮೊದಲು ಹೊರಗೆ ಹಾಕಬೇಕಾದದ್ದು ಸಿಹಿ ಪಾನೀಯ, ಬ್ರೆಡ್ಡನ್ನಲ್ಲ. ಮಕ್ಕಳು ಅಪರೂಪಕ್ಕೆ ಬಿಸ್ಕತ್ತು ತಿಂದರೆ ಗಾಬರಿಯಾಗಬೇಕಿಲ್ಲ. ದಿನವೂ ತಿನ್ನಿಸುವುದಾದರೆ ಅದು ಯಾರ ಹೊಲದ ಗೋಧಿ ಎಂಬ ಸಮಾಧಾನ ಬೇಡ.

ಈಗ ಮಣ್ಣಿನ ಮಾತು. ಇದು ನನಗೆ ಹೆಚ್ಚು ನೋವು ಕೊಡುವ ಭಾಗ. ಮಣ್ಣನ್ನು ಚೇತರಿಸಿಕೊಳ್ಳುವಂತೆ ಮಾಡುವ ಬೇಸಾಯವು ಒಂದು ಬೆಳೆಯಿಂದ ಆಗುವ ಕೆಲಸವಲ್ಲ. ಧಾನ್ಯದ ನಂತರ ದ್ವಿದಳ, ಅದರ ನಂತರ ಎಣ್ಣೆಕಾಳು, ನಡುವೆ ನೆಲ ಬರಿದಾಗದಂತೆ ಹೊದಿಕೆ ಬೆಳೆ, ಸಾಧ್ಯವಿದ್ದಲ್ಲಿ ಮೇಯುವ ಜಾನುವಾರು, ಕಡಿಮೆ ಉಳುಮೆ: ಇವೆಲ್ಲ ಸೇರಿದಾಗ ಬೇರುಗಳು ಬೇರೆ ಬೇರೆ ಆಳಕ್ಕೆ ಇಳಿಯುತ್ತವೆ, ದ್ವಿದಳದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ, ರೋಗ ಮತ್ತು ಕಳೆಗಳ ಸರಪಳಿ ತುಂಡಾಗುತ್ತದೆ. ಬಿಸ್ಕತ್ತಿನ ಕಾರ್ಖಾನೆಗೆ ಬೇಕಾದದ್ದು ಈ ಸರದಿಯಲ್ಲಿ ಗೋಧಿ ಒಂದೇ, ಅದೂ ವರ್ಷವೂ ಒಂದೇ ಗುಣಮಟ್ಟದಲ್ಲಿ. ಉಳಿದ ಬೆಳೆಗಳನ್ನು ಕೊಳ್ಳುವವರಿಲ್ಲದಿದ್ದರೆ ರೈತ ಕುಟುಂಬವು ಎಷ್ಟೇ ಒಳ್ಳೆಯ ಮನಸ್ಸಿನದಾದರೂ ಎರಡು ಮೂರು ವರ್ಷಗಳಲ್ಲಿ ಗೋಧಿಯ ಮೇಲೆ ಗೋಧಿ ಬಿತ್ತುವ ಸ್ಥಿತಿಗೆ ಮರಳುತ್ತದೆ. ನೀವು ಮಣ್ಣಿಗಾಗಿ ಹೆಚ್ಚು ಹಣ ಕೊಡಲು ಸಿದ್ಧರಿದ್ದೀರಿ. ಅದು ದೊಡ್ಡ ಮಾತು. ಆ ಹಣವನ್ನು ಪೊಟ್ಟಣಕ್ಕೆ ಕೊಡುವ ಬದಲು ಅದೇ ಹೊಲದ ಕಾಳಿಗೆ, ಎಣ್ಣೆಗೆ, ತರಕಾರಿಗೆ ಕೊಟ್ಟರೆ ಮಕ್ಕಳ ತಟ್ಟೆಗೆ ಇಡಿಯಾದ ಆಹಾರ ಬರುತ್ತದೆ, ರೈತನ ಬೆಳೆ ಸರದಿಯೂ ಉಳಿಯುತ್ತದೆ.

ಪೊಟ್ಟಣದ ಮೇಲಿನ ಹೇಳಿಕೆಯನ್ನು ಪರೀಕ್ಷಿಸುವ ಹಂಬಲವಿದ್ದರೆ, ಸಾವಯವಕ್ಕೆ ಇರುವಂತೆ ಪುನರುಜ್ಜೀವನ ಕೃಷಿಗೆ ಎಲ್ಲೆಡೆ ಒಪ್ಪಿತವಾದ ಒಂದೇ ಕಾನೂನುಬದ್ಧ ಮಾನದಂಡವಿಲ್ಲ ಎಂಬುದು ನೆನಪಿರಲಿ. ಮಾರುವವರನ್ನು ಕೇಳಿ: ಮುಖ್ಯ ಬೆಳೆ ಕೊಯ್ದ ಮೇಲೆ ಆ ಹೊಲದಲ್ಲಿ ಏನು ಬಿತ್ತುತ್ತಾರೆ? ವರ್ಷದಲ್ಲಿ ಎಷ್ಟು ತಿಂಗಳು ನೆಲ ಬರಿದಾಗಿರುತ್ತದೆ? ಮಣ್ಣಿನ ಸಾವಯವ ಇಂಗಾಲವನ್ನು, ಅಂದರೆ ಕೊಳೆತ ಗಿಡ ಗೊಬ್ಬರಗಳಿಂದ ಮಣ್ಣಿನಲ್ಲಿ ಉಳಿಯುವ ಇಂಗಾಲವನ್ನು, ಅದೇ ಹೊಲದಲ್ಲಿ, ಅದೇ ಆಳದಲ್ಲಿ, ಹಲವು ವರ್ಷಗಳ ಅಂತರದಲ್ಲಿ ಅಳೆದಿದ್ದಾರೆಯೇ? ಒಂದೇ ವರ್ಷದಲ್ಲಿ ಇಂಗಾಲ ಎರಡು ಪಟ್ಟಾಯಿತು ಎನ್ನುವವರನ್ನು ನಂಬಬೇಡಿ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಇಂದಿಗೂ ನಡೆಯುತ್ತಿರುವ ಬ್ರಾಡ್‌ಬಾಕ್ ಪ್ರಯೋಗದಲ್ಲಿ ವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿದ ತಾಕಿನ ಇಂಗಾಲವು ಏನೂ ಹಾಕದ ತಾಕಿಗಿಂತ ದುಪ್ಪಟ್ಟಿಗೂ ಹೆಚ್ಚಾಗಿರುವುದು ನಿಜ. ಅದಕ್ಕೆ ಹಿಡಿದದ್ದು ದಶಕಗಳು, ಮತ್ತು ಒಂದು ಮಟ್ಟ ಮುಟ್ಟಿದ ಮೇಲೆ ಏರಿಕೆ ನಿಧಾನವಾಯಿತು.

ಪ್ರಶ್ನೆ: ಹುಲ್ಲು ಮೇಯ್ದ ಹಸುವಿನ ಹಾಲನ್ನು ಕಾಯಿಸದೆ ಕುಡಿದರೆ ಜೀವಂತ ಕಿಣ್ವಗಳು ಸಿಗುತ್ತವೆ, ಪಾಶ್ಚರೀಕರಿಸಿದ ಹಾಲು ಸತ್ತ ಹಾಲು ಎನ್ನುತ್ತಾರೆ. ನಾನು ಗರ್ಭಿಣಿ. ಕುಡಿಯಬಹುದೇ?

ಕುಡಿಯಬೇಡಿ. ಹೀಗೆ ಹೇಳಿದವರ ಇನ್ನಾವ ಸಲಹೆಯನ್ನೂ ಪಾಲಿಸಬೇಡಿ. ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಹಿಡಿದಿಡುವುದರಿಂದ ಬ್ರುಸೆಲ್ಲಾ, ಕ್ಷಯದ ಬ್ಯಾಕ್ಟೀರಿಯಾ, ಕ್ಯಾಂಪಿಲೊಬ್ಯಾಕ್ಟರ್, ಲಿಸ್ಟೀರಿಯಾ ಎಂಬ ರೋಗಾಣುಗಳು ಸಾಯುತ್ತವೆ. ಹಾಲಿನ ಕ್ಯಾಲ್ಸಿಯಂ, ಪ್ರೋಟೀನುಗಳ ಪೋಷಣೆಗೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ. ಆ ಕಿಣ್ವಗಳಿಂದ ನಿಮಗೆ ಆಗಬೇಕಾದ ಕೆಲಸ ಯಾವುದೂ ಇಲ್ಲ. ಒಳ್ಳೆಯ ಹುಲ್ಲುಗಾವಲಿನಲ್ಲಿ ಮೇಯುವ, ನೋಡಲು ಆರೋಗ್ಯವಾಗಿರುವ ಹಸುವೂ ಲಿಸ್ಟೀರಿಯಾವನ್ನು ಹೊತ್ತಿರಬಹುದು, ಮತ್ತು ಗರ್ಭಿಣಿಯಲ್ಲಿ ಅದು ಸಣ್ಣ ಜ್ವರದಂತೆ ಬಂದು ಗರ್ಭಪಾತಕ್ಕೆ ಕಾರಣವಾಗಬಹುದು. ನಾನು ಕುಟುಂಬ ಬೇಸಾಯದ ಪರವಾಗಿರುವವನು. ಆ ಹೆಸರಿನಲ್ಲಿ ಇಂತಹ ಅಪಾಯವನ್ನು ಮಾರುವುದನ್ನು ಕಂಡಾಗ ಸುಮ್ಮನಿರಲಾಗುವುದಿಲ್ಲ.

ಪ್ರಶ್ನೆ: ಒಂದು ಬಾಟಲಿ ಸೂಕ್ಷ್ಮಜೀವಿ ದ್ರಾವಣ ಒಂದೇ ಹಂಗಾಮಿನಲ್ಲಿ ಮಣ್ಣನ್ನು ಸರಿಮಾಡುತ್ತದೆಯೇ?

ಇಲ್ಲ, ತಿನ್ನಲು ಸಾವಯವ ವಸ್ತುವಿಲ್ಲದ ಮಣ್ಣಿನಲ್ಲಿ ಹೊರಗಿನಿಂದ ಸುರಿದ ಜೀವಿಗಳು ಉಳಿಯುವುದಿಲ್ಲ, ಆ ಹಣಕ್ಕೆ ಹೊದಿಕೆ ಬೆಳೆಯ ಬೀಜ ಕೊಳ್ಳಿ.

ಪ್ರಶ್ನೆ: ತರಬೇತಿಯೊಂದಕ್ಕೆ ಹೋಗಿದ್ದೆ. ಈ ವರ್ಷವೇ ಇಡೀ ಜಮೀನಿನಲ್ಲಿ ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿ, ಮಣ್ಣಿನಲ್ಲಿ ಎಲ್ಲವೂ ಇದೆ ಎಂದರು. ನಿಲ್ಲಿಸಲೇ?

ಒಂದೇ ಏಟಿಗೆ ನಿಲ್ಲಿಸಬೇಡಿ. ಮಣ್ಣಿನಲ್ಲಿ ಎಲ್ಲವೂ ಇರುತ್ತದೆ ಎಂಬುದು ಸುಳ್ಳು. ಫಿನ್ಲೆಂಡಿನ ಮಣ್ಣಿನಿಂದ ಬೆಳೆಗೆ ಸೆಲೆನಿಯಂ (ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಪೋಷಕಾಂಶ) ತೀರ ಕಡಿಮೆ ದಕ್ಕುತ್ತಿದ್ದುದರಿಂದ ಆ ದೇಶ 1984ರಿಂದ ಗೊಬ್ಬರದಲ್ಲಿಯೇ ಸೆಲೆನಿಯಂ ಬೆರೆಸಿತು. ಧಾನ್ಯದಲ್ಲಿಯೂ ಜನರ ರಕ್ತದಲ್ಲಿಯೂ ಅದರ ಮಟ್ಟ ಏರಿತು. ಸಾರಜನಕವನ್ನು ಗಾಳಿಯಿಂದ ಹಿಡಿಯುವ ಜೀವಿಗಳಿವೆ, ರಂಜಕವನ್ನೂ ಪೊಟ್ಯಾಷನ್ನೂ ಗಾಳಿಯಿಂದ ತರುವ ಜೀವಿ ಯಾವುದೂ ಇಲ್ಲ. ಕೊಯ್ಲಿನೊಂದಿಗೆ ಹೊಲದಿಂದ ಹೊರಗೆ ಹೋದದ್ದು ಗೊಬ್ಬರವಾಗಿಯೋ ಕಾಂಪೋಸ್ಟಾಗಿಯೋ ಮರಳಿ ಬರಲೇಬೇಕು. ಶ್ರೀಲಂಕಾ ಸರ್ಕಾರ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತನೆ ನಿಷೇಧಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ಹಿಂದೆ ಸರಿಯಬೇಕಾಯಿತು. ಅಷ್ಟರಲ್ಲಿ ಭತ್ತ ಮತ್ತು ಚಹಾ ಬೆಳೆದವರು ದೊಡ್ಡ ಪೆಟ್ಟು ತಿಂದಿದ್ದರು. ಆ ರೈತರ ನಷ್ಟದಿಂದ ಕೆಟ್ಟ ಹೆಸರು ಬಂದದ್ದು ಸಾವಯವಕ್ಕೆ, ತಪ್ಪು ಅವಸರದ್ದಾಗಿತ್ತು. ಮಣ್ಣು ಪರೀಕ್ಷೆ ಮಾಡಿಸಿ, ಜಮೀನಿನ ಒಂದು ಭಾಗದಲ್ಲಿ ದ್ವಿದಳ ಮತ್ತು ಹೊದಿಕೆ ಬೆಳೆಯಿಂದ ಆರಂಭಿಸಿ, ಸಾರಜನಕ ಗೊಬ್ಬರವನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ, ಆ ಭಾಗದ ಇಳುವರಿಯನ್ನು ಉಳಿದದ್ದರೊಂದಿಗೆ ತೂಗಿ ನೋಡಿದ ಮೇಲೆ ಮುಂದಿನ ಭಾಗಕ್ಕೆ ಹೋಗಿ. ಸಾಲವಿರುವ ಕುಟುಂಬಕ್ಕೆ ಇದಕ್ಕಿಂತ ವೇಗವಾದ ದಾರಿಯನ್ನು ನಾನು ಹೇಳುವುದಿಲ್ಲ. ನಿಮ್ಮ ತರಬೇತುದಾರರು ನಿಮ್ಮ ಬೆಳೆನಷ್ಟವನ್ನು ತುಂಬಿಕೊಡುವುದಿಲ್ಲ.

ಪ್ರಶ್ನೆ: ನೈಸರ್ಗಿಕ ಆಹಾರ ತಿಂದರೆ ಇನ್ಸುಲಿನ್ ಬಿಡಬಹುದು ಎಂದು ಒಬ್ಬರು ಹೇಳುತ್ತಿದ್ದಾರೆ.

ಅವರ ಬಳಿ ಮತ್ತೆ ಹೋಗಬೇಡಿ. ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಸಾವು ಸಂಭವಿಸಬಹುದು. ಎರಡನೆಯ ಬಗೆಯಲ್ಲಿ ಆಹಾರ ಬದಲಿಸಿ ತೂಕ ಇಳಿಸಿದವರಿಗೆ ಔಷಧಿ ಕಡಿಮೆಯಾಗುವುದುಂಟು, ಆದರೆ ಅದನ್ನು ನಿರ್ಧರಿಸಬೇಕಾದವರು ರಕ್ತಪರೀಕ್ಷೆ ನೋಡಿದ ನಿಮ್ಮ ವೈದ್ಯರು.

ಪ್ರಶ್ನೆ: ಜಗತ್ತಿನ ಆಹಾರದಲ್ಲಿ ಶೇ 80 ಭಾಗವನ್ನು ಸಣ್ಣ ರೈತರೇ ಬೆಳೆಯುತ್ತಾರಂತೆ, ಹೌದೇ?

ಎರಡು ಅಂಕಿಗಳನ್ನು ಬೆರೆಸಿದ್ದರಿಂದ ಹುಟ್ಟಿದ ಮಾತಿದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಲ್ಲಿ ಕುಟುಂಬಗಳು ನಡೆಸುವ ಎಲ್ಲ ಗಾತ್ರದ ಜಮೀನುಗಳ ಪಾಲು, ಮೌಲ್ಯದ ಲೆಕ್ಕದಲ್ಲಿ, ಸುಮಾರು ಶೇ 80. ಎರಡು ಹೆಕ್ಟೇರಿಗಿಂತ ಚಿಕ್ಕ ಹಿಡುವಳಿಗಳ ಪಾಲು ಸುಮಾರು ಶೇ 35. ಅವುಗಳ ಬಳಿ ಇರುವುದು ಜಗತ್ತಿನ ಕೃಷಿಭೂಮಿಯ ಶೇ 12ರಷ್ಟು ಎಂಬುದನ್ನು ನೋಡಿದರೆ ಈ ಸಾಧನೆಯೇ ದೊಡ್ಡದು, ಅದನ್ನು ಉಬ್ಬಿಸುವ ಅಗತ್ಯವಿಲ್ಲ. ಕುಟುಂಬದ ಜಮೀನು ಎಂದಮಾತ್ರಕ್ಕೆ ಅಲ್ಲಿ ಮಣ್ಣಿನ ಆರೈಕೆ ನಡೆಯುತ್ತಿದೆ ಎಂದೂ ಅಲ್ಲ. ನೂರಾರು ಹೆಕ್ಟೇರಿನಲ್ಲಿ ಒಂದೇ ಬೆಳೆ ಬೆಳೆದು ಕಳೆನಾಶಕ ಸಿಂಪಡಿಸುವ ಕುಟುಂಬಗಳೂ ಆ ಶೇ 80ರೊಳಗೇ ಇವೆ.

ಪ್ರಶ್ನೆ: ಹೆಪ್ಪುಗಟ್ಟಿಸಿದ ಬಟಾಣಿ ಸಂಸ್ಕರಿತ ಆಹಾರವಲ್ಲವೇ?

ಹೌದು, ಆದರೂ ಧಾರಾಳವಾಗಿ ತಿನ್ನಿ. ಕೊಯ್ದ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿಯಲ್ಲಿ, ದಿನಗಟ್ಟಲೆ ಸಾಗಿಬಂದು ಬಾಡಿದ ಬಟಾಣಿಗಿಂತ ಸಿ ಜೀವಸತ್ವ ಹೆಚ್ಚು ಉಳಿದಿರಬಹುದು.